ಯಾವರ್ ಮಿಯಾರ ಒಂಬತ್ತು ಇಮಾಮ್ ಜಾಮಿನ್

ಮೀರ್ ಯಾವರ್ ಅಲಿಯವರು ನವಾಬರಾದದ್ದು ಒಂದು ಮಂಗಳವಾರ, ಮಧ್ಯಾಹ್ನ ಮೂರೂವರೆಯ ಸುಮಾರಿಗೆ. ಅದಕ್ಕೆ ಮೊದಲು ಐವತ್ತೆಂಟು ವರ್ಷ ಅವರು ಬರೀ ಯಾವರ್ ಮಿಯಾ. ಹೈದರಾಬಾದಿನ ಲಾಡ್ ಬಜಾರಿನ ಬಳೆ ಅಂಗಡಿಯೊಂದರ ಮೂಲೆಯಲ್ಲಿ ಕೂತು ಬಿಲ್ಲು ಬರೆಯುವವರು.

ಆ ಮಂಗಳವಾರ ಮುಂಬೈಯ ಹರಾಜು ಕಂಪನಿಯೊಂದರ ಕಡೆಯವನೊಬ್ಬ ಮನೆಗೆ ಬಂದಿದ್ದ. ಹಳೇ ನಾಣ್ಯ, ಹಳೇ ನೋಟು ಹರಾಜು ಹಾಕುವ ಕಂಪನಿ ಅದು. ಹೆಂಡತಿ ಕುಲ್ಸುಮ್ ಬೀಬಿ ತಮ್ಮ ಟ್ರಂಕಿನ ತಳದಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಕೊಟ್ಟರು. ನಿಜಾಮರ ಕಾಲದ್ದು, ಚಾರ್‌ಮಿನಾರಿನ ಚಿತ್ರವಿದ್ದದ್ದು. ಅವನು ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದ. ಆಮೇಲೆ ಚಹಾದ ಲೋಟವನ್ನು ದೂರ ಸರಿಸಿ ಇನ್ನೊಮ್ಮೆ ನೋಡಿದ.

"ಈ ವರ್ಷದ ಮುದ್ರೆ ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ ಸಾಬ್. ಕಡಿಮೆ ಅಂದ್ರೂ ಒಂದೂವರೆ ಲಕ್ಷಕ್ಕೆ ಮೋಸವಿಲ್ಲ."

ಒಂದೂವರೆ ಲಕ್ಷ ಅಂದ ಕೂಡಲೇ ಕುಲ್ಸುಮ್ ಬೀಬಿಯ ಕಣ್ಣಿಗೆ ಕಂಡದ್ದು ಚಿನ್ನವಲ್ಲ, ರೇಷ್ಮೆಯಲ್ಲ, ಒಂದು ನೀರಿನ ಮೋಟರು. ಮನೆ ಇದ್ದದ್ದು ಮೇಲ್ಮಹಡಿಯಲ್ಲಿ, ನಲ್ಲಿ ಇದ್ದದ್ದು ಕೆಳಗಿನ ಅಂಗಳದಲ್ಲಿ. ನಡುವೆ ಇಪ್ಪತ್ತೆಂಟು ಮೆಟ್ಟಿಲು. ಇಪ್ಪತ್ತಾರು ವರ್ಷದಿಂದ ಅನ್ನದ ನೀರು, ಬಟ್ಟೆಯ ನೀರು, ಗಂಡ ನಮಾಜಿಗೆ ಕೈಕಾಲು ತೊಳೆಯುವ ವುಜೂವಿನ ನೀರು ಎಲ್ಲವೂ ಆಕೆಯ ಸೊಂಟದ ಮೇಲೆಯೇ ಮೇಲೆ ಬಂದಿದ್ದವು. ಮೋಟರು, ಪೈಪು, ತಾರಸಿಯ ಮೇಲೊಂದು ಕಪ್ಪು ಟ್ಯಾಂಕು. ನಲ್ಲಿ ರಿಪೇರಿಯ ಬಾಬಾನನ್ನು ಆಕೆ ಎಂದೋ ವಿಚಾರಿಸಿ ಇಟ್ಟಿದ್ದರು.

ಕಂಪನಿಯವನು ಫಾರಮ್ಮು ತೆಗೆದ. "ಈ ನಾಣ್ಯ ನಿಮಗೆ ಎಲ್ಲಿಂದ ಬಂತು? ಕ್ಯಾಟಲಾಗಿನಲ್ಲಿ ಹಾಕ್ಬೇಕು."

"ನಮ್ಮ ಮಾವನವರ ತಂದೆ ಒಂದು ದೇವಡಿ ಬಂಗಲೆಯಲ್ಲಿ ಎಲೆ ಅಡಿಕೆಯ ಪಾನ್‌ದಾನ್ ಹಿಡ್ಕೊಂಡು ನಿಲ್ತಾ ಇದ್ರು. ಒಂದು ಈದ್‌ಗೆ ಅಲ್ಲಿನ ನವಾಬರು..." ಎಂದು ಕುಲ್ಸುಮ್ ಬೀಬಿ ಶುರುಮಾಡಿದರು.

ಯಾವರ್ ಮಿಯಾರಿಗೆ ಜೋರಾಗಿ ಕೆಮ್ಮು ಬಂತು. ಕೆಮ್ಮು ನಿಂತಾಗ ಅವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. "ಬರ್ಕೊಳ್ಳಿ. ನವಾಬ್ ಮೀರ್ ಯಾವರ್ ಅಲಿಯವರ ಖಾನ್ದಾನಿ ಖಜಾನೆಯಿಂದ."

ಹೀಗೆ ಅವರು ನವಾಬರಾದರು. ಪಟ್ಟಾಭಿಷೇಕಕ್ಕೆ ಹಾಜರಿದ್ದವರು ಇಬ್ಬರೇ, ಅದರಲ್ಲಿ ಒಬ್ಬರು ಹಣೆ ಚಚ್ಚಿಕೊಂಡರು.

ಕಂಪನಿಯವನು ಫೋಟೊ ಹೊಡೆದುಕೊಂಡು, "ನಾಣ್ಯ ಈಗಲೇ ಕೊಟ್ಟುಬಿಡಿ ಸಾಬ್, ರಸೀತಿ ಕೊಡ್ತೀನಿ" ಎಂದ. ಅಲ್ಲಿಗೆ ಕತೆ ಸುಖವಾಗಿ ಮುಗಿಯಬೇಕಿತ್ತು. ಆದರೆ ನವಾಬರು ರಸೀತಿಗೆ ಕೈ ಚಾಚುವುದುಂಟೆ?

"ಖಾನ್ದಾನಿ ವಸ್ತು. ನಾವೇ ಮುಂಬೈಗೆ ಬಂದು ಒಪ್ಪಿಸ್ತೀವಿ."

"ಹಾಗಾದ್ರೆ ಹರಾಜಿನ ದಿನ ಹನ್ನೆರಡು ಗಂಟೆ ಒಳಗೆ ತರ್ಬೇಕು. ತಡ ಆದ್ರೆ ಪಟ್ಟಿಯಿಂದ ತೆಗೆದು ಹಾಕ್ತಾರೆ."

"ನಮ್ಮ ಖಾನ್ದಾನದಲ್ಲಿ ತಡ ಅನ್ನೋದೇ ಇಲ್ಲ" ಎಂದರು ಯಾವರ್ ಮಿಯಾ. ಅಂದು ಬೆಳಿಗ್ಗೆ ತಾನೇ ತಡವಾಗಿ ಹೋದದ್ದಕ್ಕೆ ಬಳೆ ಅಂಗಡಿಯ ಸೇಠರಿಂದ ಬೈಸಿಕೊಂಡು ಬಂದಿದ್ದರು.

*

ಕ್ಯಾಟಲಾಗು ಅಂಚೆಯಲ್ಲಿ ಬಂತು. ಅದು ಮೊದಲು ಸಿಕ್ಕಿದ್ದು ಕೆಳಮನೆಯ ಕನ್ಹಯ್ಯಾ ಪರ್ಷಾದರ ಕೈಗೆ. ಅವರು ನಿವೃತ್ತ ತಹಸೀಲ್ ಗುಮಾಸ್ತರು. ಕೈಗೆ ಸಿಕ್ಕ ಕಾಗದವನ್ನು ಗಟ್ಟಿಯಾಗಿ ಓದದೆ ಬಿಡುವ ಅಭ್ಯಾಸ ಅವರಿಗಿರಲಿಲ್ಲ. ಅಂಗಳದ ನಡುವೆ ನಿಂತು, ನಲ್ಲಿಯ ಮುಂದೆ ಸಾಲುಗಟ್ಟಿದ್ದ ಏಳು ಮನೆಯ ಹೆಂಗಸರಿಗೆ ಓದಿ ಹೇಳಿದರು.

"ನವಾಬ್! ಕೇಳಿದಿರಾ? ನಮ್ಮ ತಲೆ ಮೇಲೆ ಮೂವತ್ತು ವರ್ಷದಿಂದ ನವಾಬರು ಓಡಾಡ್ತಾ ಇದ್ದಾರೆ, ನಾನು ಸದ್ದು ಜಾಸ್ತಿ ಆಯ್ತು ಅಂತ ಕೋಲಲ್ಲಿ ಮಾಳಿಗೆ ಕುಟ್ತಾ ಇದ್ದೆ!"

ನಲ್ಲಿಯ ಸಾಲಿನಲ್ಲಿ ನಾಲ್ಕನೆಯವರಾಗಿ ನಿಂತಿದ್ದ ಕುಲ್ಸುಮ್ ಬೀಬಿಗೆ ಹೆಂಗಸರು ದಾರಿ ಬಿಟ್ಟರು. "ಬನ್ನಿ ಬೇಗಂ ಸಾಹಿಬಾ, ಮೊದಲು ನೀವು ತುಂಬ್ಕೊಳ್ಳಿ." ಆಕೆ ತುಂಬಿಕೊಂಡರು. ಬೇಗಂ ಆದರೂ ಹೊರುವವರು ಬೇರೆ ಯಾರೂ ಬರಲಿಲ್ಲ.

ಸಂಜೆಗೆ ಕುಲ್ಸುಮ್ ಬೀಬಿಯ ತಮ್ಮ ಫಸೀಹ್ ಬಂದ. ಒಂದು ಪ್ರೆಷರ್ ಕುಕ್ಕರಿನ ವಿಷಯಕ್ಕೆ ಮುನಿಸಿಕೊಂಡು ಆರು ವರ್ಷದಿಂದ ಆ ಮೆಟ್ಟಿಲು ತುಳಿಯದವನು ಅರ್ಧ ಕಿಲೋ ಉಸ್ಮಾನಿಯಾ ಬಿಸ್ಕತ್ತು ಹಿಡಿದುಕೊಂಡು ಬಂದಿದ್ದ.

"ಭಾಯಿಜಾನ್, ಖಾನ್ದಾನ್ ಅಂದ್ಮೇಲೆ ಅದರಲ್ಲಿ ನಾವೂ ಬರ್ತೀವಲ್ಲ?"

"ನೀನು ನನ್ನ ಹೆಂಡ್ತಿ ಕಡೆಯವನಲ್ವೇನೋ."

"ಬೇಗಮಳ ತಮ್ಮ ಅಂದ್ರೆ ಚಿಕ್ಕ ನವಾಬ್ ಅಲ್ವಾ?" ಎಂದು ಫಸೀಹ್ ತಾನು ತಂದ ಬಿಸ್ಕತ್ತನ್ನು ತಾನೇ ಚಹಾಕ್ಕೆ ಅದ್ದಿದ.

ಆಮೇಲೆ ದಿನಕ್ಕೊಬ್ಬರಂತೆ ನೆಂಟರು ಬಂದರು. ಸತ್ತಿದ್ದಾರೆಂದು ಯಾವರ್ ಮಿಯಾ ನಂಬಿದ್ದ ಒಬ್ಬ ಚಿಕ್ಕಪ್ಪನೂ ಬಂದರು. ಬಂದವರಿಗೆಲ್ಲ ಚಹಾ, ಚಹಾಕ್ಕೆಲ್ಲ ನೀರು. ಕುಲ್ಸುಮ್ ಬೀಬಿ ದಿನಕ್ಕೆ ಆರು ಬಕೆಟ್ಟಿನ ಬದಲು ಹತ್ತು ಬಕೆಟ್ಟು ಹೊತ್ತರು. "ಇರಲಿ, ಇನ್ನು ಎಷ್ಟು ದಿನ" ಎಂದು ಮೆಟ್ಟಿಲ ನಡುವೆ ನಿಂತು ಉಸಿರು ಬಿಟ್ಟರು.

*

ಹೊರಡುವ ಹಿಂದಿನ ದಿನ ಯಾವರ್ ಮಿಯಾರಿಗೆ ಒಂದು ಯೋಚನೆ ಬಂತು. ಅವರಿಗೆ ಯೋಚನೆ ಬಂದಾಗಲೆಲ್ಲ ಕುಲ್ಸುಮ್ ಬೀಬಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡುತ್ತಿದ್ದರು.

"ಕುಲ್ಸುಮ್, ರೈಲಿನಲ್ಲಿ ಕಳ್ಳರು. ಜೇಬು ಕತ್ತರಿಸ್ತಾರೆ, ಚೀಲ ಎತ್ಕೊಂಡು ಹೋಗ್ತಾರೆ. ಆದ್ರೆ ಇಮಾಮ್ ಜಾಮಿನ್ ಮುಟ್ಟೋ ಕಳ್ಳ ಇನ್ನೂ ಹುಟ್ಟಿಲ್ಲ."

ಪ್ರಯಾಣ ಹೊರಟವರ ಬಲತೋಳಿಗೆ ಮನೆಯವರು ಒಂದು ನಾಣ್ಯವನ್ನು ಬಟ್ಟೆಯಲ್ಲಿ ಹೊಲಿದು ಕಟ್ಟುತ್ತಾರೆ. ಇನ್ನು ನೀನು ಇಮಾಮರ ರಕ್ಷಣೆಯಲ್ಲಿದ್ದೀ ಎಂದರ್ಥ. ಕ್ಷೇಮವಾಗಿ ತಲುಪಿದ ಮೇಲೆ ಆ ನಾಣ್ಯ ಯಾರಾದರೂ ಬಡವರಿಗೆ ಸದ್ಕಾ ಆಗಿ ಸೇರಬೇಕು. ಆ ಬಟ್ಟೆಯೊಳಗೆ ಬೆಳ್ಳಿ ರೂಪಾಯಿ ಇಟ್ಟು ಹೊಲಿಯಬೇಕೆಂಬುದು ಯಾವರ್ ಮಿಯಾರ ಉಪಾಯ.

"ಅಜೀ, ಅದು ದಾನದ ಗಂಟು. ಅದರಲ್ಲಿ ಮಾರೋ ವಸ್ತು ಇಡ್ತಾರಾ?"

"ಇಡೋದು ಅಷ್ಟೇ, ಕೊಡೋದಿಲ್ಲ. ಅಲ್ಲಿ ಬಿಚ್ಚಿ ತಗೋತೀನಿ."

"ಒಳಚಡ್ಡಿಗೆ ಜೇಬು ಹೊಲಿದು ಕೊಡ್ತೀನಿ, ಅದರಲ್ಲಿ ಇಟ್ಕೊಳ್ಳಿ."

"ನವಾಬರ ಖಜಾನೆ ಚಡ್ಡಿಯಲ್ಲಿ ಹೋಗೋದಾ!"

ಕುಲ್ಸುಮ್ ಬೀಬಿ ಹಸಿರು ಮಖಮಲ್ಲಿನ ತುಂಡು ತೆಗೆದು, ರೂಪಾಯಿ ಒಳಗಿಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕಿ ಮುಚ್ಚಿದರು.

ಮರುದಿನ ಸ್ಟೇಷನ್ನಿಗೆ ಹೊರಡುವ ಹೊತ್ತಿಗೆ ನೆಂಟರೆಲ್ಲ ಒಂದೊಂದು ಇಮಾಮ್ ಜಾಮಿನ್ ಹಿಡಿದು ಅಂಗಳದಲ್ಲಿ ನಿಂತಿದ್ದರು. ನವಾಬರು ಪ್ರಯಾಣ ಹೊರಟರೆ ಬರೀ ತೋಳಲ್ಲಿ ಕಳಿಸುವುದುಂಟೆ? ಬೇಡ ಎನ್ನುವುದು ಅಪಶಕುನ. ಒಂದಾದ ಮೇಲೊಂದು ಎಂಟು ಕಟ್ಟಿದರು. ಎಲ್ಲವೂ ಹಸಿರು, ಎಲ್ಲದಕ್ಕೂ ಜರಿ. ಕುಲ್ಸುಮ್ ಬೀಬಿ ಕಟ್ಟಿದ್ದು ಸೇರಿ ಒಂಬತ್ತು. ಯಾವರ್ ಮಿಯಾರ ಬಲತೋಳು ಶೇರ್ವಾನಿಯ ತೋಳಿನೊಳಗೆ ಹೋಗದೆ, ಕೊನೆಗೆ ಕನ್ಹಯ್ಯಾ ಪರ್ಷಾದರ ಮನೆಯ ಕತ್ತರಿ ತಂದು ಆ ತೋಳಿನ ಹೊಲಿಗೆ ಬಿಚ್ಚಬೇಕಾಯಿತು.

"ತೋಳಿಗೆ ಏನಾಗಿದೆ ಸಾಬ್, ಮುರಿದಿದೆಯಾ?" ಎಂದು ರೈಲಿನಲ್ಲಿ ಟಿಕೆಟ್ ನೋಡುವವನು ಕೇಳಿದ. ಪಾಪ ಅನ್ನಿಸಿ ಕೆಳಗಿನ ಬರ್ತು ಕೊಟ್ಟ.

ಒಂದು ಮಾತು ಹೇಳಲೇಬೇಕು. ಯಾವರ್ ಮಿಯಾರ ಲೆಕ್ಕ ತಪ್ಪಲಿಲ್ಲ. ದಾರಿಯುದ್ದಕ್ಕೂ ಯಾವ ಕಳ್ಳನೂ ಅವರ ತೋಳು ಮುಟ್ಟಲಿಲ್ಲ. ಅವರ ಚಪ್ಪಲಿ ಮಾತ್ರ ಹೋಯಿತು.

*

ಹರಾಜಿನ ದಿನ ಬೆಳಿಗ್ಗೆ ಮುಂಬೈ ತಲುಪಿ ಅವರು ಇಳಿದುಕೊಂಡದ್ದು ಡೋಂಗ್ರಿಯ ಬಿಲ್ಕೀಸ್ ಫೂಪಿಯ ಮನೆಯಲ್ಲಿ. ಫೂಪಿ ಅವರ ತಂದೆಯ ತಂಗಿ. ಎಂಬತ್ತು ದಾಟಿದವರು, ಐದು ಹೊತ್ತಿನ ನಮಾಜಿನಲ್ಲಿ ಒಂದನ್ನೂ ಬಿಡದವರು, ಯಾರ ಒಳ್ಳೆಯ ಕೆಲಸವನ್ನೂ ತಾವೇ ಮಾಡಿ ಮುಗಿಸುವವರು.

"ಬಾ ಬೇಟಾ, ಬರಿಗಾಲಲ್ಲಿ ಬಂದ್ಯಾ? ಎಂಥ ಭಕ್ತಿ! ಮೊದಲು ಸ್ನಾನ ಮಾಡು."

ಮಖಮಲ್ಲು ನೆನೆಯಬಾರದಲ್ಲ. ಒಂಬತ್ತನ್ನೂ ಬಿಚ್ಚಿ ಗೂಟಕ್ಕೆ ನೇತುಹಾಕಿ ಯಾವರ್ ಮಿಯಾ ಬಚ್ಚಲಿಗೆ ಹೋದರು. ಅಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಕುಲ್ಸುಮಳ ಮೋಟರೂ ಹೀಗೇ ಬರುತ್ತದೆ ಎಂದುಕೊಂಡು ಎರಡು ಚೊಂಬು ಹೆಚ್ಚಾಗಿಯೇ ಸುರಿದುಕೊಂಡರು. ತಲೆ ಒರೆಸುತ್ತ ಹೊರಗೆ ಬಂದರೆ ಗೂಟ ಖಾಲಿ.

"ಫೂಪಿ, ಇಲ್ಲಿ ಇಮಾಮ್ ಜಾಮಿನ್..."

"ಕೊಟ್ಟಾಯ್ತು ಬೇಟಾ!" ಫೂಪಿಯ ಮುಖ ಅರಳಿತ್ತು. "ತಲುಪಿದ ಮೇಲೆ ತಡ ಮಾಡ್ಬಾರದು. ಮಸೀದಿ ಕಟ್ಟೆ ಮೇಲೆ ಕೂರ್ತಾಳಲ್ಲ ಶಕೂರನ್, ಅವಳನ್ನ ಕಿಟಕಿಯಿಂದ ಕರೆದು ಒಂಬತ್ತೂ ಬುಟ್ಟಿಯಲ್ಲಿ ಇಳಿಸಿದೆ. ನಿನಗೆ ಮೆಟ್ಟಿಲು ಇಳಿಯೋ ಕಷ್ಟ ತಪ್ಪಿತು."

ಯಾವರ್ ಮಿಯಾ ಶೇರ್ವಾನಿ ಏರಿಸಿ, ತಲೆಗೆ ಟವೆಲ್ಲು ಸುತ್ತಿಕೊಂಡೇ ಮೆಟ್ಟಿಲು ಇಳಿದರು.

ಮಸೀದಿ ಕಟ್ಟೆಯಲ್ಲಿ ಶಕೂರನ್ ಇರಲಿಲ್ಲ. ಈಗಷ್ಟೇ ಮಾರ್ಕೆಟ್ಟಿಗೆ ಹೋದಳು ಎಂದರು. ಮಾರ್ಕೆಟ್ಟಿನಲ್ಲಿ, ಈಗಷ್ಟೇ ದವಾಖಾನೆಗೆ ಹೋದಳು ಎಂದರು. ದವಾಖಾನೆಯಲ್ಲಿ ಚೀಟಿ ಮಾಡಿಸದೆ ಒಳಗೆ ಬಿಡಲಿಲ್ಲ. ಯಾವರ್ ಮಿಯಾ ಚೀಟಿ ಮಾಡಿಸಿ, ನಾಲಿಗೆ ತೋರಿಸಿ, ಎರಡು ಮಾತ್ರೆ ಇಸಕೊಂಡು ಹೊರಬಂದರು. ಹನ್ನೊಂದು ಗಂಟೆಗೆ ಆಕೆ ಸಿಕ್ಕಿದ್ದು ಮತ್ತೆ ಮಸೀದಿ ಕಟ್ಟೆಯಲ್ಲೇ. ಪಕ್ಕದ ಚಹಾ ಅಂಗಡಿಯವನ ಜೊತೆ ಜಗಳ ಆಡುತ್ತಿದ್ದಳು.

"ಒಂಬತ್ತು ಗಂಟು ನಿಮ್ಮದಾ?" ಮುದುಕಿ ಯಾವರ್ ಮಿಯಾರ ಕಡೆ ತಿರುಗಿದಳು. "ದೊಡ್ಡವರ ಮನೆ ಅಂತಾರೆ. ಒಂದರಲ್ಲಿ ಎಂಟಾಣೆ! ಎಂಟಾಣೆ ಈಗ ಯಾರು ತಗೋತಾರೆ?"

ಅದು ಫಸೀಹನದು ಎಂದು ಯಾವರ್ ಮಿಯಾರಿಗೆ ಕೇಳದೆಯೇ ಗೊತ್ತಾಯಿತು.

"ಇನ್ನೊಂದರಲ್ಲಿ ಇದು ನೋಡಿ, ಸವೆದ ಬಿಲ್ಲೆ. ಒಂದು ಚಹಾ ಕೊಡೋ ಅಂದ್ರೆ ಇವನು ಇದನ್ನ ಮುಟ್ಟೋದೇ ಇಲ್ಲ. ದಾನದಲ್ಲೂ ಮೋಸ ಮಾಡ್ತೀರಾ? ತಗೊಳ್ಳಿ ವಾಪಸ್ಸು, ಹತ್ತು ರೂಪಾಯಿಯ ಒಳ್ಳೇ ನಾಣ್ಯ ಕೊಡಿ."

ಅವಳೇ ಕೊಟ್ಟಳು. ಯಾವರ್ ಮಿಯಾ ಕೇಳಲೂ ಇಲ್ಲ. ಬೆಳ್ಳಿ ರೂಪಾಯಿ ಅಂಗೈಯಲ್ಲಿ ತಣ್ಣಗೆ ಬಂದು ಕೂತಿತು. ಅವರು ಹತ್ತರ ನಾಣ್ಯ ಕೊಟ್ಟು, ಹೆಚ್ಚು ಮಾತಾಡಿದರೆ ಕೆಲಸ ಕೆಡುತ್ತದೆಂದು ತಿರುಗಿ ಹೊರಟರು.

"ಅರೇ ನಿಲ್ಲಿ," ಮುದುಕಿ ಹಿಂದಿನಿಂದ ಕರೆದಳು. "ದುಡ್ಡು ಬದಲಾಯಿಸಿದ್ದು ಸರಿ, ದುವಾ ಬದಲಾಯಿಸೋಕೆ ಆಗಲ್ಲ, ಅದು ಬೆಳಿಗ್ಗೆನೇ ಮಾಡಿ ಮುಗಿಸಿದೀನಿ. ಈ ಬಿಲ್ಲೆ ಇದ್ದ ಗಂಟು ಹೊಲಿದವರು ಯಾರು? ಎಷ್ಟು ಸಣ್ಣ ಹೊಲಿಗೆ! ಬಿಚ್ಚೋಕೆ ಮನಸ್ಸೇ ಬರ್ಲಿಲ್ಲ. ಆ ಕೈಗೆ ನೋವು ಬರದೇ ಇರ್ಲಿ ಅಂತ ಅದಕ್ಕೆ ಮಾತ್ರ ಬೇರೆಯಾಗಿ ಕೇಳ್ಕೊಂಡೆ."

ಯಾವರ್ ಮಿಯಾ ಇನ್ನೂ ನಾಲ್ಕು ಹೆಜ್ಜೆ ನಡೆದರು. ಐದನೆಯದು ಬರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮೂರನೇ ಮಹಡಿಯ ಕಿಟಕಿಯಿಂದ ಬಿಲ್ಕೀಸ್ ಫೂಪಿಯ ಧ್ವನಿ ಕೇಳಿತು.

"ಯಾವರ್! ಏನೋ ಅದು, ಕೊಟ್ಟ ಸದ್ಕಾ ವಾಪಸ್ ಇಸ್ಕೊಂಡ್ಯಾ?"

"ಇಲ್ಲ ಫೂಪಿ, ಬದಲಿ ಕೊಟ್ಟೆ."

"ವಾಪಸ್ ಇಸ್ಕೊಂಡದ್ದು ಎಷ್ಟರದ್ದು?"

ಹತ್ತು ರೂಪಾಯಿಯದು ಎಂದು ಹೇಳಲು ಬಾಯಿ ತೆರೆದ ಯಾವರ್ ಮಿಯಾರಿಂದ ಹೊರಬಂದದ್ದು, "ಒಂದೂವರೆ ಲಕ್ಷದ್ದು."

ಚಹಾ ಅಂಗಡಿಯವನ ಕೈಯಿಂದ ಚಮಚ ಬಿತ್ತು. ಬೀದಿಯ ಟೇಲರು ಮಿಷನ್ನು ನಿಲ್ಲಿಸಿ ಎದ್ದು ಬಂದ. ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಸೋಪಿನ ಸಮೇತ ಕ್ಷೌರದ ಅಂಗಡಿಯಿಂದ ಬಂದ. ಎರಡೇ ನಿಮಿಷದಲ್ಲಿ ಅಲ್ಲಿ ಒಂದು ನ್ಯಾಯಾಲಯ ನೆರೆಯಿತು.

"ಕೊಟ್ಟದ್ದು ಫೂಪಿ, ಇವರಲ್ಲ. ಹಾಗಾಗಿ ಇದು ದಾನ ಅಲ್ಲ" ಎಂದ ಟೇಲರು.

"ಅವಳೇ ವಾಪಸ್ ಕೊಟ್ಟಳಲ್ಲ? ಅಲ್ಲಿಗೆ ಸರಿಹೋಯ್ತು" ಎಂದ ಸೋಪಿನವನು.

"ನೀನು ಮೊದಲು ಆ ಕಡೆ ಕೆನ್ನೆ ಬೋಳಿಸ್ಕೊಂಡು ಬಾ" ಎಂದ ಚಹಾದವನು. ಚಹಾ ಕೊಡದೆ ಇದ್ದದ್ದಕ್ಕೆ ಅವನಿಗೀಗ ಹೊಟ್ಟೆ ಉರಿಯುತ್ತಿತ್ತು.

ಫೂಪಿ ಕಿಟಕಿಯಿಂದ ಇನ್ನಷ್ಟು ಹೊರಗೆ ಬಾಗಿದರು. "ಅದನ್ನ ತೋಳಿಗೆ ಕಟ್ಕೊಂಡದ್ದು ಯಾರು? ಇಮಾಮರ ಹೆಸರು ಹೇಳಿ ಕಟ್ಟಿದ ಮೇಲೆ ಅದು ಬಡವರದ್ದು. ಕಳ್ಳರಿಂದ ಕಾಯೋಕೆ ಇಮಾಮರನ್ನ ಗೂರ್ಖಾ ಕೆಲಸಕ್ಕೆ ಇಟ್ಕೊಂಡ್ಯೇನೋ? ನಿಮ್ಮಪ್ಪ ಹಿಂಗಿರ್ಲಿಲ್ಲ!"

ಯಾವರ್ ಮಿಯಾರ ತಲೆಯ ಮೇಲಿನ ಟವೆಲ್ಲು ಬಿಚ್ಚಿ ಹೆಗಲಿಗೆ ಬಿತ್ತು. ಶಕೂರನ್ ಮಾತ್ರ ಏನೂ ಅರ್ಥವಾಗದೆ ಹತ್ತರ ನಾಣ್ಯವನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದಳು.

"ಸಾಕು ನಿಲ್ಸಿ ಎಲ್ರೂ," ಎಂದರು ಯಾವರ್ ಮಿಯಾ. ಅವರಿಗೆ ಬಹಳ ದಣಿವಾಗಿತ್ತು. "ಅಮ್ಮಾ, ಇದು ನಿಮ್ಮದೇ. ಹತ್ತು ರೂಪಾಯಿಯೂ ಇಟ್ಕೊಳ್ಳಿ. ಯಾರಾದ್ರೂ ಒಂದು ಟ್ಯಾಕ್ಸಿ ಕರೀರಿ, ಹನ್ನೆರಡಕ್ಕೆ ಬಾಗಿಲು ಹಾಕ್ತಾರೆ."

"ಪೊಲೀಸ್ ಸ್ಟೇಷನ್‌ಗಾ?" ಎಂದಳು ಶಕೂರನ್. "ನಾನು ಬರೋಲ್ಲ. ಬೇಕಾದ್ರೆ ಎಂಟಾಣೆನೂ ವಾಪಸ್ ತಗೊಳ್ಳಿ."

*

ಹರಾಜು ಇದ್ದದ್ದು ಸಮುದ್ರದ ಕಡೆಯ ಒಂದು ದೊಡ್ಡ ಹೋಟೆಲಿನಲ್ಲಿ. ಹನ್ನೆರಡಕ್ಕೆ ನಾಲ್ಕು ನಿಮಿಷ ಇರುವಾಗ ಇಬ್ಬರೂ ಮೇಜಿನ ಮುಂದೆ ನಿಂತರು. ಅಲ್ಲಿದ್ದ ಅಧಿಕಾರಿ ಕರಂಜಿಯಾ ಎಂಬ ಪಾರ್ಸಿ ಮುದುಕರು, ಬಹಳ ಮರ್ಯಾದಸ್ಥರು. ಅವರು ಫಾರಮ್ಮು ನೋಡಿದರು, ನವಾಬರ ಖಾನ್ದಾನ ಎಂದು ಓದಿಕೊಂಡರು, ತಲೆ ಎತ್ತಿದರು. ಎದುರಿಗೆ ಹರಿದ ತೋಳಿನ ಶೇರ್ವಾನಿ, ಹೆಗಲ ಮೇಲೆ ಟವೆಲ್ಲು, ಬರಿಗಾಲು. ಪಕ್ಕದಲ್ಲಿ ಕಪ್ಪು ಬುರ್ಖಾದ ಮುದುಕಿ, ಮುಖದ ಮೇಲೆ ಬೆಳಗಿನ ಜಗಳದ ಗತ್ತು ಇನ್ನೂ ಆರಿರಲಿಲ್ಲ.

"ನಾಣ್ಯ ಯಾರದ್ದು?"

"ಇವರದ್ದು" ಎಂದು ಯಾವರ್ ಮಿಯಾ ಮುದುಕಿಯನ್ನು ತೋರಿಸಿದರು.

ಕರಂಜಿಯಾ ಕೂಡಲೇ ಎದ್ದು ನಿಂತರು. "ಆದಾಬ್ ಬೇಗಂ ಸಾಹಿಬಾ! ದಯವಿಟ್ಟು ಕೂತ್ಕೊಳ್ಳಿ. ಚಹಾ ತಗೊಳ್ತೀರಾ?"

"ಬೆಳಿಗ್ಗೆಯಿಂದ ಅದನ್ನೇ ಕೇಳ್ತಾ ಇದ್ದೆ" ಎಂದಳು ಶಕೂರನ್.

"ತಮ್ಮ ಯಜಮಾನರು..."

"ಬಂದರಿನ ಧಕ್ಕೆಯಲ್ಲಿದ್ರು. ಹಡಗಿನ ಕೆಲಸ."

"ಹಡಗು!" ಕರಂಜಿಯಾ ಇನ್ನಷ್ಟು ಬಾಗಿದರು. "ಎಷ್ಟು ಹಡಗಿದ್ದವು?"

"ದಿನಕ್ಕೆ ಎರಡು ಮೂರು ಖಾಲಿ ಮಾಡ್ತಿದ್ರು" ಎಂದಳು ಮುದುಕಿ. ಸುಳ್ಳೇನಲ್ಲ, ಆಕೆಯ ಗಂಡ ಬಂದರಿನಲ್ಲಿ ಮೂಟೆ ಇಳಿಸುತ್ತಿದ್ದ.

ಕರಂಜಿಯಾ ನಾಣ್ಯವನ್ನು ತೂಗಿದರು, ಅಂಚು ನೋಡಿದರು, ಸರಿಯಿದೆ ಎಂದರು. ಫಾರಮ್ಮಿನಲ್ಲಿ ಮಾಲೀಕರ ಹೆಸರು ತಿದ್ದಿಸಿ, ಆಳೆಂದುಕೊಂಡೇ ನವಾಬರ ಪರವಾಗಿ ಯಾವರ್ ಮಿಯಾರಿಂದ ಸಹಿ ಹಾಕಿಸಿಕೊಂಡರು. ಆಮೇಲೆ, "ನೀನು ಬೇಗಂ ಸಾಹಿಬಾರ ಹಿಂದೆ ನಿಂತ್ಕೋಪ್ಪಾ. ಅವರ ಚೀಲ ಹಿಡ್ಕೋ" ಎಂದರು. ಯಾವರ್ ಮಿಯಾ ಚೀಲ ಹಿಡಿದು ನಿಂತರು. ಚೀಲದೊಳಗೆ ಎಲೆ ಅಡಿಕೆಯ ಡಬ್ಬಿ ಇತ್ತು. ನಡುನಡುವೆ ಶಕೂರನ್ ಹಿಂದಕ್ಕೆ ಕೈ ಚಾಚುತ್ತಿದ್ದಳು. ಇವರು ಡಬ್ಬಿ ತೆರೆದು ಒಂದೊಂದು ಎಲೆ ಕೊಡುತ್ತಿದ್ದರು. ಅಜ್ಜನ ಕೆಲಸ ಅವರಿಗೆ ರಕ್ತದಲ್ಲೇ ಇದ್ದಿರಬೇಕು, ಒಂದು ಚೂರು ಸುಣ್ಣವೂ ಕೆಳಗೆ ಬೀಳಲಿಲ್ಲ.

ನಾಣ್ಯದ ಸರದಿ ಬಂತು. ಇಂದೋರಿನ ಒಬ್ಬ ಬೊಕ್ಕತಲೆಯವರೂ ಸೂರತ್ತಿನ ಒಬ್ಬ ಸಣಕಲರೂ ಕೈಯಲ್ಲಿದ್ದ ನಂಬರಿನ ಹಲಗೆಯನ್ನು ಪೈಪೋಟಿಯಲ್ಲಿ ಎತ್ತತೊಡಗಿದರು. ಒಂದು ಲಕ್ಷ, ಒಂದೂಕಾಲು, ಒಂದೂವರೆ.

"ಯಾಕೆ ಜಗಳ ಆಡ್ತಿದಾರೆ?" ಶಕೂರನ್ ಹಿಂದೆ ತಿರುಗಿ ಪಿಸುಗುಟ್ಟಿದಳು. "ಒಬ್ರಿಗೆ ಬಿಲ್ಲೆ ಕೊಡಿ, ಇನ್ನೊಬ್ರಿಗೆ ಎಂಟಾಣೆ ಕೊಡಿ. ಅದೂ ಹಳೇದೇ."

"ಸುಮ್ನಿರಿ ಅಮ್ಮಾ."

ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಸುತ್ತಿಗೆ ಬಿತ್ತು. ಸಣಕಲರು ಗೆದ್ದರು. ಕಂಪನಿಯ ಪಾಲು ಕಳೆದು ಉಳಿದದ್ದು ತಿಂಗಳೊಳಗೆ ಚೆಕ್ಕಾಗಿ ಬರುತ್ತದೆಂದು ಕರಂಜಿಯಾ ವಿವರಿಸಿದರು. ಮುದುಕಿಗೆ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು. ಅರ್ಥವಾದ ಮೇಲೆ ಆಕೆ ಬಹಳ ಹೊತ್ತು ಹೋಟೆಲಿನ ಮೆಟ್ಟಿಲ ಮೇಲೆ ಕೂತೇ ಇದ್ದಳು.

"ಬೇಟಾ, ಇನ್ನು ನಾನು ಕಟ್ಟೆ ಮೇಲೆ ಕೂರ್ಬೇಕಾಗಿಲ್ಲ ಅಲ್ವಾ?"

"ಇಲ್ಲ ಅಮ್ಮಾ."

"ಇದರಲ್ಲಿ ನೀನೂ ಒಂದಿಷ್ಟು ತಗೋ. ಆಗಿನಿಂದ ಚೀಲ ಹೊತ್ತಿದೀಯ."

ತಗೋಬೇಕಿತ್ತು. ಕೂಲಿ ಎಂದಾದರೂ ತಗೋಬೇಕಿತ್ತು. ಮೋಟರಿಲ್ಲದಿದ್ದರೆ ಪೈಪಾದರೂ ಬರುತ್ತಿತ್ತು. ಆದರೆ ಯಾವರ್ ಮಿಯಾರ ಬೆನ್ನು ತನ್ನಷ್ಟಕ್ಕೆ ತಾನೇ ನೆಟ್ಟಗಾಯಿತು, ಕೈ ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ಬೀಸಿತು. "ಕೊಟ್ಟದ್ದನ್ನ ವಾಪಸ್ ತಗೊಳ್ಳೋ ಖಾನ್ದಾನ ನಮ್ಮದಲ್ಲ."

"ಸರಿ" ಎಂದಳು ಶಕೂರನ್. ಎರಡನೇ ಸಲ ಕೇಳಲಿಲ್ಲ.

ಎರಡನೇ ಸಲ ಕೇಳುತ್ತಾಳೇನೋ ಎಂದು ಯಾವರ್ ಮಿಯಾ ಡೋಂಗ್ರಿಯ ತನಕವೂ ಕಾದರು.

*

ಹೈದರಾಬಾದಿನಲ್ಲಿ ನೆಂಟರೆಲ್ಲ ಅಂಗಳದಲ್ಲೇ ಕಾದಿದ್ದರು. "ನನ್ನ ಇಮಾಮ್ ಜಾಮಿನ್ನಿನಿಂದಲೇ ಕ್ಷೇಮವಾಗಿ ಬಂದ್ರಿ ಭಾಯಿಜಾನ್" ಎಂದು ಫಸೀಹ್ ಓಡಿ ಬಂದು ತಬ್ಬಿಕೊಂಡ. ಯಾವರ್ ಮಿಯಾ ನಡೆದದ್ದನ್ನು ಐದು ಮಾತಿನಲ್ಲಿ ಹೇಳಿದರು. ಮೂರನೇ ಮಾತಿಗೆ ಚಿಕ್ಕಪ್ಪ ಎದ್ದರು. ಅವರು ಸತ್ತಿದ್ದಾರೆಂದೇ ಇನ್ನು ಮೇಲೆ ತಿಳಿಯಬಹುದು. ಐದನೇ ಮಾತಿಗೆ ಅಂಗಳದಲ್ಲಿ ಉಳಿದವರು ಕನ್ಹಯ್ಯಾ ಪರ್ಷಾದರು ಮಾತ್ರ, ಅದು ಅವರ ಮನೆಯ ಬಾಗಿಲಾದ್ದರಿಂದ.

ಕುಲ್ಸುಮ್ ಬೀಬಿ ಮೇಲೆ ಅಕ್ಕಿ ಆರಿಸುತ್ತ ಪೂರ್ತಿ ಕತೆ ಕೇಳಿದರು. ಬೈಯಲಿಲ್ಲ. ಮೊರದಲ್ಲಿ ಕಲ್ಲೊಂದು ಸಿಕ್ಕಿತು, ತೆಗೆದು ಪಕ್ಕಕ್ಕಿಟ್ಟರು.

"ಆ ಅಮ್ಮನಿಗೆ ಯಾರಿದ್ದಾರೆ?"

"ಯಾರೂ ಇಲ್ಲ."

"ಹೂಂ." ಇನ್ನೊಂದು ಕಲ್ಲು ಸಿಕ್ಕಿತು. "ಹೊಲಿಗೆ ಚೆನ್ನಾಗಿದೆ ಅಂದ್ರಾ?"

"ಬಿಚ್ಚೋಕೆ ಮನಸ್ಸು ಬರ್ಲಿಲ್ಲ ಅಂದ್ರು. ಆ ಕೈಗೆ ನೋವು ಬರ್ಬಾರದು ಅಂತ ಬೇಡ್ಕೊಂಡ್ರು."

ಕುಲ್ಸುಮ್ ಬೀಬಿ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು, ಬಕೆಟ್ಟಿನ ಹಿಡಿಯ ಗುರುತು ಅಲ್ಲಿ ಕಪ್ಪಗೆ ಕೂತಿತ್ತು. ಆಮೇಲೆ ಮೊರ ಕೆಳಗಿಟ್ಟು, ನಲ್ಲಿ ನಿಲ್ಲುವ ಹೊತ್ತಾಯಿತೆಂದು ಎದ್ದರು. ಅಷ್ಟರಲ್ಲಿ ಬಕೆಟ್ಟುಗಳು ಬಾಗಿಲಲ್ಲಿರಲಿಲ್ಲ.

ಕೆಳಗಿನಿಂದ ಕನ್ಹಯ್ಯಾ ಪರ್ಷಾದರ ಧ್ವನಿ ಕೇಳಿತು. "ಇದೇನು ನವಾಬ್ ಸಾಬ್, ತಾವೇ!"

"ಮುಂದೆ ಸರೀರಿ ಪರ್ಷಾದ್‌ಜೀ, ಇದು ನಮ್ಮ ಸರದಿ."

ಮೊದಲನೇ ಸಲ ಯಾವರ್ ಮಿಯಾ ಅರ್ಧ ಬಕೆಟ್ಟು ಮೇಲೆ ತಂದರು, ಅರ್ಧ ಮೆಟ್ಟಿಲಿಗೆ ಹಾಕಿದರು. ಎರಡನೇ ಸಲ ಅದೇ ಒದ್ದೆಯಲ್ಲಿ ಜಾರಿದರು. ಮೂರನೇ ಸಲ ಹದಿನೇಳನೇ ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟು, ತಾವೂ ಪಕ್ಕದಲ್ಲಿ ಕೂತು, ಗೋಡೆಗೆ ತಲೆಯೊರಗಿಸಿದರು. ಇನ್ನು ಹನ್ನೊಂದು ಇದ್ದವು. ಇವು ಇಷ್ಟು ಎತ್ತರ ಇದ್ದವೆಂದು ಈ ಮನೆಯಲ್ಲಿ ಯಾರೂ ಇದುವರೆಗೆ ಅವರಿಗೆ ಹೇಳಿರಲಿಲ್ಲ.

ಕುಲ್ಸುಮ್ ಬೀಬಿ ಮೇಲಿನಿಂದ ಇಳಿದು ಬಂದರು. ಬಕೆಟ್ಟು ಕೇಳುತ್ತಾರೆಂದು ಯಾವರ್ ಮಿಯಾ ಅದರ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಕೆ ಕೇಳಲಿಲ್ಲ. ಒಂದು ಮೆಟ್ಟಿಲು ಮೇಲೆ ಕೂತು, ಬರಿಯ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಅಲ್ಲಿ ಏನು ಮಾಡಬೇಕೆಂದು ಆ ಕೈಗಳಿಗೆ ತಿಳಿಯಲಿಲ್ಲ.

"ಸುಸ್ತಾಯ್ತಾ?"

"ನವಾಬರಿಗೆ ಸುಸ್ತಾ?"

"ಹಾಗಾದ್ರೆ ಏಳಿ" ಎಂದರು ಕುಲ್ಸುಮ್ ಬೀಬಿ, ತಾವು ಏಳದೆ. "ಮೇಲಿನ ಡ್ರಮ್ಮು ತುಂಬೋಕೆ ಇನ್ನೂ ಅರ್ಧ ಇದೆ."